ಮಿಂಚುಳ್ಳಿ ಚಿತ್ರದ ಅಂಚು

ಫೆಬ್ರವರಿ 12, ಬೆಳಿಗ್ಗೆ 10.20. ಠಾಣೆಗೆ ಬಂದ ಗಂಗಾದೇವಿ ಟಿಳಕವಾಡಿಯ ನಿವೃತ್ತ ಚಿತ್ರಕಲಾ ಶಿಕ್ಷಕಿ. ಅವರ ಮನೆಯ ಗೋಡೆಯಿಂದ ಜಪಾನಿನ ಚಿತ್ರವೊಂದು ಕಾಣೆಯಾಗಿತ್ತು. ಮರದ ಅಚ್ಚಿನಿಂದ ತೆಳು ಕಾಗದದ ಮೇಲೆ ಮೂಡಿಸಿದ ಮಿಂಚುಳ್ಳಿ, ಪಕ್ಕದಲ್ಲಿ ನೀಲಿ ಹೂವು; ನೂರು ವರ್ಷ ಹಳೆಯದು.

“ಎರಡು ದಿನ ತಂಗಿ ಮನಿಗೆ ಹೋಗಿದ್ದೆರಿ. ಮುಂದಿನ ವಾರ ಪ್ರದರ್ಶನಕ್ಕ ಕಳಸೋದಿತ್ತು. ಪರಿಣತರು ಬಂದು ಚಿತ್ರದ ಕಟ್ಟು ಬಿಚ್ಚಿ ನೋಡೋರಿದ್ರು,” ಎಂದು ಕಣ್ಣೊರೆಸಿಕೊಂಡರು.

ಇನ್‌ಸ್ಪೆಕ್ಟರ್ ಬಸವಪ್ರಸಾದ ಎಫ್‌ಐಆರ್ ದಾಖಲಿಸಿ, 11.45ಕ್ಕೆ ಅವರ ಮನೆಯಲ್ಲಿ ಪಂಚನಾಮೆ ಶುರು ಮಾಡಿದರು. ಬೀಗ ಒಡೆದಿರಲಿಲ್ಲ. ಕೀಲಿ ಯಾವಾಗಲೂ ಮೀಟರ್ ಡಬ್ಬಿಯ ಮೇಲಿರುತ್ತಿತ್ತಂತೆ. ಇನ್ನೇನು, ಕಳ್ಳನಿಗೆ ವೀಳ್ಯ ಕೊಟ್ಟು ಕರೆದಂತೆಯೇ! ಆದರೆ ಬಂದವನು ಬಂಗಾರ ಮುಟ್ಟಿರಲಿಲ್ಲ. ಖಾಲಿ ಚೌಕಟ್ಟನ್ನು ಅಲ್ಲೇ ಬಿಟ್ಟಿದ್ದ. ಅದರ ಹಿಂಬದಿಯ ಹದಿನಾಲ್ಕು ಮೊಳೆಗಳು ಕಿಟಕಿಯ ಕಟ್ಟೆಯ ಮೇಲಿದ್ದವು, ಒಂದೂ ಸೊಟ್ಟಗಾಗಿರಲಿಲ್ಲ.

ಕಾನ್‌ಸ್ಟೆಬಲ್ ರೂಪಾಲಿ ಬಗ್ಗಿ ನೋಡಿದಳು. “ಸರ್, ಖರೇ ಕಳ್ಳ ಆಗಿದ್ರ ಗ್ಲಾಸ್ ಒಡೀತಿದ್ದ. ಇಂವಾ ಮೊಳಿ ಮತ್ತ ಹೊಡ್ಯಾಕ ಬೇಕಂತ ಜ್ವಾಕಿ ಮಾಡ್ಯಾನ. ಇದು ಫೋಟೋ ಕಟ್ಟೋರ ಕೈ.”

“ಈ ಕಟ್ಟು ಹಾಕಿದ್ದು ಯಾರ್ರೀ?” ಇನ್‌ಸ್ಪೆಕ್ಟರ್ ಕೇಳಿದರು.

“ಖಾನಾಪುರದ ಸಾತಪ್ಪ, ಹನ್ನೊಂದು ವರ್ಷದ ಹಿಂದ. ಅಂವಾ ದೇವರಂಥಾ ಮನಷ್ಯಾರಿ! ಅವನ ಹೆಸರು ತಗೀಬ್ಯಾಡ್ರಿ,” ಎಂದರು ಗಂಗಾದೇವಿ.

ಮಧ್ಯಾಹ್ನ 2.30, ಖಾನಾಪುರ ಪೇಟೆ. ಜೀಪು ಕಂಡ ಸಾತಪ್ಪ ತಾನಾಗಿಯೇ ಅಂಗಡಿಯೊಳಗಿನಿಂದ ಟ್ರಂಕು ತಂದು ತೆರೆದ. ಚಿತ್ರ ಅದರಲ್ಲಿತ್ತು, ಜೊತೆಗೆ ಅದರ ಅಂಚಿನಿಂದ ಕತ್ತರಿಸಿದ ಎರಡು ಬೆರಳಗಲದ ಕಾಗದದ ಪಟ್ಟಿ. ಪಟ್ಟಿಯ ಮೇಲೆ ಕೆಂಪು ಮುದ್ರೆ. ಎರಡನ್ನೂ ಹಿಟ್ಟಿನ ಅಂಟಿನಿಂದ ಕೂಡಿಸಲು ಹೋಗಿ ಕಾಗದ ನೆನೆದಿತ್ತು. ಹೂವಿನ ನೀಲಿ ಹಕ್ಕಿಯ ಕೊಕ್ಕಿನವರೆಗೂ ಹರಡಿತ್ತು.

“ಯಾಕ ಕತ್ತರಿಸಿದಿ?” ಇನ್‌ಸ್ಪೆಕ್ಟರ್ ಕೇಳಿದರು.

“ಅವತ್ತು ಕಟ್ಟು ಹಾಕೂವಾಗ ಅದರಾಗ ಕೂಡ್ಲಿಲ್ರಿ. ದೇವರ ಕ್ಯಾಲೆಂಡರ್ ಅಂಚು ಕತ್ತರಿಸಿದಂಗ ಇದರದೂ ಕತ್ತರಿಸಿದೆ. ಮುದ್ರಿ ಕಾರಖಾನಿದು ಅನ್ಕೊಂಡಿದ್ದೆ. ಅದು ಕಲಾವಿದನ ಗುರುತಂತ. ಆ ಮುದ್ರಿ ಎಲ್ಲೈತಿ ಅಂತ ಗಂಗಾದೇವಿ ಅಕ್ಕೋರು ಕೇಳಿದ್ರು. ಕಟ್ಟಿನೊಳಗ ಮುಚ್ಚೇತಿ ಅಂತ ಸುಳ್ಳು ಹೇಳಿದೆ.”

“ಈಗ್ಯಾಕ ತಂದಿ?”

“ಕಟ್ಟು ಬಿಚ್ಚತಾರಂತ ಅಕ್ಕೋರು ಫೋನಿನ್ಯಾಗ ಹೇಳಿದ್ರು. ಅವರು ಊರಿಂದ ಬರೂದ್ರೊಳಗ ಜೋಡಿಸಿ ಇಟ್ಟು ಬರೂಣು ಅಂತ ತಂದೆ. ಇದ್ದದ್ದೂ ಹಾಳು ಮಾಡಿದೆ.”

“ಅವತ್ತೇ ಹೇಳಬೇಕಿತ್ತಲ್ಲೋ, ಮಾರಾಯಾ!”

“ಪ್ರತಿ ದೀಪಾವಳಿಗೆ ಕರದು ಹೋಳಿಗಿ ಉಣಸ್ತಿದ್ರು. ಬಂದವರ ಮುಂದೆಲ್ಲ ‘ನನ್ನ ಹಕ್ಕಿ ಕಾದಾಂವ ಇಂವನ’ ಅಂತಿದ್ರು. ಆಮ್ಯಾಲ ಹೆಂಗ ಹೇಳ್ಲಿರಿ?”

ಸಂಜೆ 5.10ಕ್ಕೆ ದಸ್ತಗಿರಿ. ಕೃತ್ಯದ ಕಾರಣದ ಜಾಗದಲ್ಲಿ ಬಸವಪ್ರಸಾದ ಬರೆದರು: ಹಿಂದೆ ಹೇಳಿದ ಸುಳ್ಳು ಬಯಲಾಗುವ ಭಯ. ಬರೆದದ್ದು ಕಡಿಮೆಯಾಯಿತೆಂದು ಅವರಿಗೇ ಅನ್ನಿಸಿತು.

ಠಾಣೆಗೆ ಬಂದ ಗಂಗಾದೇವಿ ಚಿತ್ರವನ್ನು ಬಹಳ ಹೊತ್ತು ನೋಡಿದರು. “ಹೋಗ್ಲಿ ಬಿಡೋ ಸಾತಪ್ಪ. ಸಾಹೇಬ್ರ, ಫಿರ್ಯಾದು ವಾಪಸ್ ತಗೋತೀನ್ರಿ.”

“ಹಂಗ ವಾಪಸ್ ತಗೊಳ್ಳಾಕ ಬರಂಗಿಲ್ರಿ. ಏನಿದ್ರೂ ಕೋರ್ಟಿನ್ಯಾಗ ಹೇಳ್ರಿ,” ಎಂದರು ಇನ್‌ಸ್ಪೆಕ್ಟರ್.

ಸಾತಪ್ಪ ಕೈಮುಗಿದ. “ಬಿಡಸಬ್ಯಾಡ್ರಿ ಅಕ್ಕೋರ. ಒಮ್ಮೆರ ಬೈರಿ ನನಗ.”

ಗಂಗಾದೇವಿ ಸೆರಗು ಬಾಯಿಗೊತ್ತಿಕೊಂಡು ಬೆಂಚಿನ ಮೇಲೆ ಕುಳಿತುಬಿಟ್ಟರು. ಸಾತಪ್ಪ ಅವರ ಮುಂದೆ ತಲೆ ತಗ್ಗಿಸಿ ಬೈಗುಳಕ್ಕಾಗಿ ಕಾಯುತ್ತ ನಿಂತೇ ಇದ್ದ.