ಫೊಕ್ಕೊಗೊಂದು ಪ್ರವಾಸದ ಉಡುಗೊರೆ

ಮಾರ್ಚ್ ಹನ್ನೊಂದರ ಸಂಜೆ ಏಳು ಗಂಟೆ ಹತ್ತು ನಿಮಿಷಕ್ಕೆ ಉತ್ತರದ ಕಡಲತೀರದ ಓಸ್ಟರ್‌ಹಾಮ್ ಊರಿನ ಕಡಲಕಟ್ಟೆಯ ಯಜಮಾನಿಕೆ ಫೊಕ್ಕೊ ರೀಂಟ್ಸ್‌ನ ಪಾಲಾಯಿತು. ಇಪ್ಪತ್ತೆರಡು ವರ್ಷ ಉಪಯಜಮಾನನಾಗಿದ್ದ ವಿಯಾರ್ಡ್ ಬೂಮ್‌ಗಾರ್ಡನ್ ಸೋತು, ಅದೇ ಸ್ಥಾನದಲ್ಲಿ ಉಳಿದ. ಫಲಿತಾಂಶ ಓದಿದ ಕೂಡಲೇ ಎದ್ದುಹೋಗಿ ಫೊಕ್ಕೊನ ಕೈ ಕುಲುಕಿದವನು ಅವನೇ. ಮೊದಲು ಕೈ ಕುಲುಕಿದ್ದು ಯಾರೆಂದು ಊರವರು ಮುಂದೊಂದು ದಿನ ನೆನಪಿಸಿಕೊಳ್ಳಬೇಕಾಗಬಹುದು ಎಂದು ಆಗಲೇ ಅವನಿಗೆ ಅನಿಸಿತ್ತು.

ಓಸ್ಟರ್‌ಹಾಮ್‌ನ ಹೊಲಗಳು ಸಮುದ್ರಕ್ಕಿಂತ ಒಂದು ಮೀಟರ್ ಕೆಳಗಿವೆ. ಕಟ್ಟೆ ನಿಂತರೆ ಊರು, ಇಲ್ಲದಿದ್ದರೆ ನೀರು. ಅಕ್ಟೋಬರಿನಲ್ಲಿ ಕಟ್ಟೆಯ ತಪಾಸಣೆ ನಡೆಯುವಾಗ ಯಜಮಾನ ಗುದ್ದಲಿ ಹಿಡಿದು ಎಲ್ಲರಿಗಿಂತ ಮುಂದೆ ನಡೆಯುತ್ತಾನೆ. ವಿಯಾರ್ಡ್‌ನ ಅಜ್ಜ ಹಾಗೆ ನಡೆದಿದ್ದ, ಅಪ್ಪ ನಡೆದಿದ್ದ. ಈಗ ಕುರಿ ಮೇಯಿಸುವವನೊಬ್ಬ ನಡೆಯಲಿದ್ದ. ಅದಾದರೂ ನುಂಗಬಹುದಿತ್ತು. ಆದರೆ ಅಂದು ಬಿಯರ್ ಗ್ಲಾಸು ಎತ್ತಿಕೊಂಡು ಫೊಕ್ಕೊ ಹೇಳಿದ್ದಕ್ಕೆ ಸಭೆಯೆಲ್ಲ ನಕ್ಕಿತ್ತು.

"ವಿಯಾರ್ಡ್ ಕಟ್ಟೆನ ನಕ್ಷೇಲಿ ನೋಡ್ತಾನೆ. ನಾನು ಕುರಿ ಹಿಂದೆ ನಡ್ಕೊಂಡು ನೋಡ್ತೀನಿ. ಹೆಗ್ಗಣದ ಬಿಲ ನಕ್ಷೇಲಿ ಕಾಣಲ್ಲ ಕಣ್ರೋ."

ಯಜಮಾನ ಅವಧಿಯ ನಡುವೆ ತೀರಿಕೊಂಡರೆ ಉಳಿದ ವರ್ಷಗಳಿಗೆ ಉಪಯಜಮಾನನೇ ಯಜಮಾನ. ನಿಯಮಾವಳಿಯ ಆ ಸಾಲನ್ನು ಬರೆದಿದ್ದು ವಿಯಾರ್ಡ್‌ನ ಅಪ್ಪ.

ಊರಲ್ಲಿ ಏನೂ ಮಾಡುವಂತಿರಲಿಲ್ಲ. ಬಯಲು ಸೀಮೆ, ನಾಳೆ ಬರುವ ನೆಂಟರು ಇವತ್ತೇ ಕಾಣುತ್ತಾರೆ ಎಂದು ಅಲ್ಲಿನವರು ತಮಾಷೆ ಮಾಡುತ್ತಾರೆ. ಮನುಷ್ಯ ಬಿದ್ದು ಸಾಯಬೇಕಾದರೆ ಬೀಳಲು ಎತ್ತರ ಬೇಕು. ಎತ್ತರವಿದ್ದದ್ದು ಆಸ್ಟ್ರಿಯಾದಲ್ಲಿ.

ಏಪ್ರಿಲ್‌ನಲ್ಲಿ ಫೊಕ್ಕೊಗೆ ಅರವತ್ತು ತುಂಬಿತು. ಅವನ ಮನೆಯಲ್ಲಿ ನೆರೆಯವರೆಲ್ಲ ಚಹಾಕ್ಕೆ ಕೂತಿದ್ದಾಗ ವಿಯಾರ್ಡ್ ಲಕೋಟೆ ಮುಂದಿಟ್ಟ: ಸೆಪ್ಟೆಂಬರಿನಲ್ಲಿ ಐದು ದಿನದ ಆಲ್ಪ್ಸ್ ಪ್ರವಾಸ, ಫೊಕ್ಕೊಗೂ ತನಗೂ. ಫೊಕ್ಕೊನ ಹೆಂಡತಿ ಕಣ್ಣೊರೆಸಿಕೊಂಡಳು. ಸೋತವನಿಗೆ ಎಂಥ ದೊಡ್ಡ ಮನಸ್ಸು ಎಂದು ಪಾದ್ರಿ ಹೇಳಿದರು. ಫೊಕ್ಕೊ ಮೂರನೇ ಬಟ್ಟಲು ಮುಗಿಸಿ, ಇನ್ನು ಸಾಕೆಂಬ ಗುರುತಿಗೆ ಚಮಚವನ್ನು ಅದರೊಳಗಿಟ್ಟ.

"ನನ್ನ ಕೊಲ್ಲೋಕೆ ಕರ್ಕೊಂಡು ಹೋಗ್ತೀಯೇನೋ? ಒಂಬತ್ತು ಮೀಟರ್ ಕಟ್ಟೆ ಹತ್ತಿದ್ರೇ ನಂಗೆ ತಲೆ ಸುತ್ತುತ್ತೆ."

ಎಲ್ಲರೂ ನಕ್ಕರು. ವಿಯಾರ್ಡ್ ಇನ್ನೂ ಸ್ವಲ್ಪ ಹೊತ್ತು ನಕ್ಕ. ಫೊಕ್ಕೊಗೆ ಎತ್ತರ ಆಗದು ಎಂಬುದಕ್ಕೆ ಪಾದ್ರಿಯೂ ಸೇರಿ ಹದಿನಾಲ್ಕು ಸಾಕ್ಷಿಗಳಾದರು.

ಜೂನ್‌ನಲ್ಲಿ ವಿಯಾರ್ಡ್ ಹ್ಯಾಂಬರ್ಗ್‌ನ ತಂಗಿಯನ್ನು ನೋಡಿ ಬರುವೆನೆಂದು ಹೇಳಿ, ಅಲ್ಲಿ ಒಂದು ದಿನವಿದ್ದು, ಆಸ್ಟ್ರಿಯಾದ ಸ್ಟೈರಿಯಾ ಸೀಮೆಯ ಬೆಟ್ಟಗಳಿಗೆ ಹೋದ. ಊರಿಂದ ತಂದ ಬ್ರೆಡ್ಡು ತಿಂದ, ಯಾವ ಮನೆಯಲ್ಲೂ ತಂಗಲಿಲ್ಲ, ಯಾರ ಹತ್ತಿರವೂ ನಾಲ್ಕು ಮಾತು ಆಡಲಿಲ್ಲ. ಮೂರು ಜಾಗ ನೋಡಿ ಒಂದನ್ನು ಆರಿಸಿದ. ಸಾವಿರದ ಒಂಬೈನೂರು ಮೀಟರ್ ಎತ್ತರದ ತಂಗುಮನೆಯಿಂದ ಅರ್ಧ ಗಂಟೆಯ ಕಾಲುದಾರಿಯ ತುದಿಯಲ್ಲಿ, ಪೂರ್ವಕ್ಕೆ ಚಾಚಿದ ಬಂಡೆ. ಬೇಲಿಯಿಲ್ಲ. ಕೆಳಗೆ ನೂರನಲವತ್ತು ಮೀಟರ್ ನೇರ. ತಂಗುಮನೆಯ ಹಿಂಬದಿ ಸೌದೆಯ ಕೊಟ್ಟಿಗೆ. ಅದರ ಬಾಗಿಲಿಂದ ಬೂಟು ಬಿಡುವ ಕೋಣೆಗೆ, ಅಲ್ಲಿಂದ ಮೆಟ್ಟಿಲಿಗೆ ದಾರಿ. ಊಟದ ಕೋಣೆಯ ಕಿಟಕಿಗಳೆಲ್ಲ ಮುಂದಿನ ಕಣಿವೆಯ ಕಡೆಗಿದ್ದವು. ಇದನ್ನು ಅವನು ಎಲ್ಲೂ ಬರೆದಿಟ್ಟುಕೊಳ್ಳಲಿಲ್ಲ.

ಹೇಳಬೇಕಾದ ಮಾತು ಸರಳವಾಗಿತ್ತು. ಫೊಕ್ಕೊ ಸೂರ್ಯೋದಯ ನೋಡಲು ಒಬ್ಬನೇ ಹೋದ. ನಾನು ಮಲಗಿದ್ದವನು ತಿಂಡಿಯ ಹೊತ್ತಿಗೆ ಎದ್ದೆ. ಬೆಟ್ಟ ಹತ್ತುವವರು ನಾಲ್ಕಕ್ಕೇ ಹೊರಟುಹೋಗಿರುತ್ತಾರೆ, ಉಳಿದವರು ತಿಂಡಿಯವರೆಗೆ ಏಳುವುದಿಲ್ಲ. ಈ ನಡುವಿನ ಹೊತ್ತು ಯಾರದೂ ಅಲ್ಲ, ಅದು ತನಗೆ ಸಾಕು ಎಂದು ಅವನು ಲೆಕ್ಕ ಹಾಕಿದ.

ಸೆಪ್ಟೆಂಬರ್ ಹತ್ತೊಂಬತ್ತರ ಸಂಜೆ ಇಬ್ಬರೂ ತಂಗುಮನೆ ಮುಟ್ಟಿದರು. ಫೊಕ್ಕೊ ದಾರಿಯುದ್ದಕ್ಕೂ ಬಂಡೆಗೋಡೆಯ ಬದಿಗೇ ನಡೆದಿದ್ದ, ಎರಡು ಕಡೆ ಕೂತೇ ಸರಿದಿದ್ದ. ಅತಿಥಿಗಳ ಪುಸ್ತಕದಲ್ಲಿ ನಾಳಿನ ಕಾರ್ಯಕ್ರಮ ಬರೆಯುವ ಅಂಕಣವಿತ್ತು. ಕನ್ನಡಕ ಮೇಲೆ ಮರೆತೆ ಎಂದು ವಿಯಾರ್ಡ್ ಅದನ್ನು ಫೊಕ್ಕೊನ ಮುಂದಕ್ಕೆ ಸರಿಸಿದ. ‘ಸೂರ್ಯೋದಯ, ಧೈರ್ಯವಿದ್ದರೆ’ ಎಂದು ಫೊಕ್ಕೊ ತನ್ನ ದಪ್ಪ ಅಕ್ಷರದಲ್ಲಿ ಬರೆದ.

ತಂಗುಮನೆ ನಡೆಸುತ್ತಿದ್ದವಳು ಬುರ್ಗಿ, ಐವತ್ತು ದಾಟಿದ ಗಟ್ಟಿ ಹೆಂಗಸು. ಅಷ್ಟು ಎತ್ತರದಲ್ಲಿ ಅವಳಿಗೆ ಎಲ್ಲರೂ ‘ನೀನು’. ಉತ್ತರದವರು ಕಾಫಿ ಮುಟ್ಟುವುದಿಲ್ಲ ಎಂದು ಕೇಳಿ, ನಾಳೆ ಇಬ್ಬರಿಗೂ ಚಹಾ ಮಾಡುವೆನೆಂದಳು. ತಟ್ಟೆಗಳನ್ನು ಎತ್ತುತ್ತ ಎಲ್ಲರಿಗೂ ಕೇಳುವಂತೆ ಹೇಳಿದಳು:

"ತಿಂಡಿ ಕಾಲು ಎಂಟಕ್ಕೆ. ತಡವಾಗಿ ಬಂದೋರಿಗೆ ನನ್ನ ಹತ್ರ ಬರೀ ಬೈಗುಳ ಸಿಗುತ್ತೆ."

ಬೆಟ್ಟದವರು ಮಾತಿನಲ್ಲಿ ಅರ್ಧ ನುಂಗುತ್ತಾರೆ ಎಂಬುದನ್ನು ವಿಯಾರ್ಡ್ ಅಷ್ಟರಲ್ಲಿ ಗಮನಿಸಿದ್ದ. ಎಂಟೂಕಾಲು ಎಂದು ಅರ್ಥ ಮಾಡಿಕೊಂಡ. ಅಲ್ಲಿಯವರೆಗೆ, ಏಳಕ್ಕೆ ತಿಂಡಿ ಇರಬಹುದೆಂದು ಅಂದಾಜು ಮಾಡಿ, ನಸುಕಿನ ಕತ್ತಲಲ್ಲೇ ಫೊಕ್ಕೊನನ್ನು ಎಬ್ಬಿಸಿ ಒಯ್ಯುವುದೆಂದು ಅವನು ಯೋಚಿಸಿದ್ದ. ಇಡೀ ಯೋಜನೆಯಲ್ಲಿ ಅವನಿಗೆ ಹಿಡಿಸದ ಭಾಗ ಅದೊಂದೇ. ಈಗ ಒಂದು ಗಂಟೆಗೂ ಹೆಚ್ಚು ಹೊತ್ತು ಬಿಟ್ಟಿ ಸಿಕ್ಕಿತ್ತು. ಬೆಳಕಿನಲ್ಲೇ ಹೋಗಬಹುದು, ಅವಸರವಿಲ್ಲ. ಅವನು ಚೆನ್ನಾಗಿ ನಿದ್ದೆ ಮಾಡಿದ.

ಆರು ಇಪ್ಪತ್ತಕ್ಕೆ ಹೊರಟರು. ವಿಯಾರ್ಡ್ ಫೋನನ್ನು ದಿಂಬಿನ ಪಕ್ಕ ಬಿಟ್ಟಿದ್ದ. ದಾರಿಯಲ್ಲಿ ಯಾರೂ ಎದುರಾಗಲಿಲ್ಲ. ಆರು ಐವತ್ತಕ್ಕೆ ಎದುರಿನ ಶಿಖರದ ಮೇಲೆ ಬೆಳಕು ಬಿತ್ತು. ಫೊಕ್ಕೊ ಬಹಳ ಹೊತ್ತು ಬಂಡೆಯ ಬುಡದಲ್ಲಿ ಕೂತಿದ್ದ. ತುದಿಗೆ ಹೋಗದೆ ಹಿಂದಿರುಗಿದರೆ ಕುರಿಗಳು ನಗುತ್ತವೆ ಎಂದು ವಿಯಾರ್ಡ್ ಕೆಣಕಿದ. ಫೊಕ್ಕೊ ಎದ್ದ. ಒಂದೊಂದೇ ಹೆಜ್ಜೆ ಇಡುತ್ತ ತುದಿಗೆ ಹೋದ.

"ಹಿಂದಿಂದ ನನ್ನ ಜಾಕೆಟ್ ಹಿಡ್ಕೋ. ಬಿಟ್ಟುಗಿಟ್ಟೀಯ."

ವಿಯಾರ್ಡ್ ಹಿಡಿದುಕೊಂಡ. ಫೊಕ್ಕೊ ಬಗ್ಗಿ ಕೆಳಗೆ ನೋಡಿದ. ಏಳು ಗಂಟೆ ಆರು ನಿಮಿಷ. ಕೂಗು ವಿಯಾರ್ಡ್ ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು.

ಮರಳುವಾಗ ಓಡಲಿಲ್ಲ, ಓಡಿದವನ ಬೆವರು ಮುಖದಲ್ಲಿ ಉಳಿಯುತ್ತದೆ. ಏಳು ನಲವತ್ತಕ್ಕೆ ಸೌದೆ ಕೊಟ್ಟಿಗೆಯಿಂದ ಒಳಗೆ ಬಂದ. ಬೂಟಿಗಂಟಿದ ಇಬ್ಬನಿಯನ್ನು ಕರವಸ್ತ್ರದಿಂದ ಒರೆಸಿ, ಉಳಿದವರ ಬೂಟುಗಳ ಸಾಲಿನಲ್ಲಿ ನಿನ್ನೆಯ ಜಾಗದಲ್ಲೇ ಇಟ್ಟ. ಒಳಗೆಲ್ಲೋ ತಟ್ಟೆಗಳ ಸದ್ದು, ಕಾಫಿಯ ವಾಸನೆ. ಬುರ್ಗಿ ತಿಂಡಿಗೆ ಅಣಿಮಾಡುತ್ತಿದ್ದಾಳೆ ಎಂದುಕೊಂಡ. ಮೇಲಿನ ಕಾರಿಡಾರಿನಲ್ಲಿ ಬಾಗಿಲುಗಳೆಲ್ಲ ಮುಚ್ಚಿದ್ದವು, ಒಂದು ಕೆಮ್ಮೂ ಇರಲಿಲ್ಲ. ಎಲ್ಲರೂ ಇನ್ನೂ ಗಾಢ ನಿದ್ದೆಯಲ್ಲಿದ್ದಾರೆ ಎಂದು ಲೆಕ್ಕ ಹಾಕಿದ. ಅವನು ಹೊದಿಕೆಯೊಳಗೆ ಸೇರಿ ಅರ್ಧ ಗಂಟೆ ಮಲಗಿದ. ಅಕ್ಟೋಬರಿನ ತಪಾಸಣೆಗೆ ಮೂರು ವಾರವೂ ಇರಲಿಲ್ಲ.

ಎಂಟು ಹತ್ತಕ್ಕೆ ಕೂದಲು ಕೆದರಿಕೊಂಡು ಚಪ್ಪಲಿಯಲ್ಲಿ ಕೆಳಗಿಳಿದ. ಊಟದ ಕೋಣೆಯಲ್ಲಿ ಹತ್ತು ಹನ್ನೊಂದು ಜನ ಚೀಲ ಕಟ್ಟುತ್ತಿದ್ದರು. ಬಾಗಿಲಲ್ಲೇ ನಿಂತು, ಎಲ್ಲರಿಗೂ ಕೇಳಲಿ ಎಂದು ಗಟ್ಟಿಯಾಗಿ ಹೇಳಿದ:

"ಈಗಷ್ಟೇ ಕಣ್ಣುಬಿಟ್ಟೆ. ರಾತ್ರಿಯಿಂದ ಒಂದೇ ನಿದ್ದೆ. ಫೊಕ್ಕೊ ನನ್ನ ಎಬ್ಬಿಸದೇ ಹೋಗಿಬಿಟ್ನಾ?"

ಮೇಜುಗಳು ಒರೆಸಿ ಒಣಗಿದ್ದವು.

"ತಿಂಡಿ ಮುಗೀತಲ್ಲ," ಎಂದಳು ಬುರ್ಗಿ. "ಕಾಲು ಎಂಟಕ್ಕೆ ಅಂದಿದ್ದೆ."

"ಅದಕ್ಕಿನ್ನೂ ಐದು ನಿಮಿಷ ಇದೆ," ಎಂದ ವಿಯಾರ್ಡ್.

ಅದೇ ಸೀಮೆಯ ಗ್ರಾಟ್ಸ್ ನಗರದಿಂದ ಬಂದಿದ್ದ ಮುದುಕನೊಬ್ಬ ನಕ್ಕ. ಉತ್ತರದವರು ಎಲ್ಲರೂ ಇಲ್ಲೇ ಎಡವುತ್ತಾರೆ ಎಂದ. ಈ ಸೀಮೆಯಲ್ಲಿ ಏಳು ಕಳೆದ ಮೇಲೆ ಎಂಟನೇ ಗಂಟೆ ಶುರು. ಅದರಲ್ಲಿ ಕಾಲು ಭಾಗ ಆದರೆ ಕಾಲು ಎಂಟು. ನಿಮ್ಮ ಬಾಯಲ್ಲಿ ಅದು ಏಳೂಕಾಲು. ಬುರ್ಗಿ ನಗಲಿಲ್ಲ. ಇಬ್ಬರೂ ಇಳಿದುಬರಲಿಲ್ಲವೆಂದು ಏಳೂವರೆಗೆ ಚಹಾದ ಪಾತ್ರೆ ಹಿಡಿದು ತಾನೇ ಮೇಲೆ ಹೋಗಿದ್ದೆ, ಎರಡು ಹಾಸಿಗೆಯೂ ಖಾಲಿ ಇದ್ದವು, ಎರಡೂ ತಣ್ಣಗಿದ್ದವು ಎಂದಳು. ಎಂಟು ಇಪ್ಪತ್ತೆರಡಕ್ಕೆ ಅವಳು ಕಣಿವೆಯ ಪೊಲೀಸರಿಗೆ ಫೋನ್ ಮಾಡಿದಳು.