ಬಸ್ ಸ್ಟ್ಯಾಂಡಿನ ಫ್ಲೆಕ್ಸಿನಲ್ಲಿ ಅವನ ಮುಖ

ಸತ್ತ ಮನುಷ್ಯ ಎದುರು ಮಾತಾಡಿದ್ದನ್ನು ನೀವು ಕೇಳಿದ್ದೀರಾ? ಸುಧಾರಾಣಿ ಕೇಳಿದ್ದಾಳೆ. ಅದೂ ಎರಡು ಸಲ.

ಮೊದಲನೇ ಸಲ ಹಾನಗಲ್ಲಿನ ತಾರಕೇಶ್ವರ ಗುಡಿಯಲ್ಲಿ. ಊರಿನ ಕಾಲೇಜಿಗೆ ಇತಿಹಾಸ ಕಲಿಸಲು ಹೊಸದಾಗಿ ಬಂದಿದ್ದಳು. ಹುಡುಗರನ್ನು ಕರೆತರುವ ಮೊದಲು ತಾನೊಮ್ಮೆ ನೋಡಿಬಿಡೋಣ ಅಂತ ಒಬ್ಬಳೇ ಹೊರಟಳು. ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಒಳಗೆ ಕಾಲಿಟ್ಟರೆ ಗವ್ವನೆ ಕತ್ತಲೆ.

ಕಾಲಿಗೆ ಏನೋ ಮೆತ್ತಗೆ ತಾಗಿತು.

ಬಗ್ಗಿ ನೋಡಿದಳು. ಮನುಷ್ಯ! ಅಂಗಾತ ಬಿದ್ದಿದ್ದಾನೆ. ಕಣ್ಣು ತೆರೆದೇ ಇವೆ, ಉಸಿರಾಟವಿಲ್ಲ, ಎದೆಯ ಮೇಲೆ ಕರ್ರಗೆ ಏನೋ ಇದೆ.

"ಯಪ್ಪಾ ಶಿವನೇ... ಯಾರರ ಬರ್ರಿ! ಇಲ್ಲಿ ಯಾರೋ ಸತ್ತು ಬಿದ್ದಾರ!"

ಬಿದ್ದವನು ಬಾಯಿ ತೆರೆದ. "ಸತ್ತಿಲ್ರಿ. ಒಂಚೂರು ಸರೀರಿ. ಬೆಳಕು ಹೊಂಟೈತಿ."

ಎದೆಯ ಮೇಲಿದ್ದದ್ದು ಕ್ಯಾಮೆರಾ. ಮೇಲೆ ಚಾವಣಿಯಲ್ಲಿ ಕಲ್ಲಿನ ಕಮಲ. ಕ್ಯಾಮೆರಾ ಅಲ್ಲಾಡಬಾರದು ಅಂತ ಆ ಮಹಾರಾಯ ಉಸಿರು ಬಿಗಿಹಿಡಿದು ಮಲಗಿದ್ದ. ಸುಧಾ ಎರಡು ಹೆಜ್ಜೆ ಹಿಂದೆ ಸರಿದಳು. ಮೊದಲು ಭಯ, ಆಮೇಲೆ ನಾಚಿಕೆ, ಅದರ ಹಿಂದೆಯೇ ಸಿಟ್ಟು.

"ಗುಡ್ಯಾಗ ಹೆಣದಂಗ ಬಿದ್ಕೊಂಡು, ಮ್ಯಾಲೆ ನನಗ ಸರೀರಿ ಅಂತೀರಲ್ಲ. ನಾಚ್ಕಿ ಇಲ್ಲೇನ್ರಿ?"

"ಐತ್ರಿ. ಆದ್ರ ಬೆಳಕು ನಿಂದ್ರೂದಿಲ್ಲಲ್ಲ."

ಹೀಗೆ ಶುರುವಾಯಿತು ನೋಡಿ.

ಅವನ ಹೆಸರು ಮಹಾಂತೇಶ. ತಡಸದವನು. ಗುಡಿಯ ಹಿಂದಿನ ಓಣಿಯಲ್ಲಿ ಪರಮೇಶಪ್ಪ ಅನ್ನುವ ಹಿರಿಯರ ಮನೆಯ ಮಹಡಿ ಮೇಲೆ ಬಾಡಿಗೆಗಿದ್ದ. ಗೆಳೆಯ ಸಂಜಯನ ಜೊತೆ ಸೇರಿ ಊರಲ್ಲೊಂದು ಸ್ಟುಡಿಯೋ ನಡೆಸುತ್ತಿದ್ದ. ಮದುವೆ ಮನೆಯ ಫೋಟೋ ಹೊಟ್ಟೆಪಾಡಿಗೆ. ಗುಡಿ, ಕೋಟೆ, ಕಡಲಿನ ಫೋಟೋ ಜೀವಕ್ಕೆ. ಕ್ಯಾಮೆರಾ ಹೆಗಲಿಗೇರಿತು ಅಂದರೆ ಅವನಿಗೆ ಊಟವೂ ನೆನಪಿರುತ್ತಿರಲಿಲ್ಲ.

ಅವನು ಫೋಟೋ ತೆಗೆಯುತ್ತಿದ್ದ, ಅವಳು ಆ ಕಲ್ಲುಗಳ ಕಥೆ ಹೇಳುತ್ತಿದ್ದಳು. ಬಂಕಾಪುರದ ಕೋಟೆಯೊಳಗಿನ ಕಂಬಗಳ ಗುಡಿ, ಸವಣೂರಿನ ಆ ದೈತ್ಯ ಹುಣಸೆಮರಗಳು, ಕಾಲೇಜಿನ ಪ್ರವಾಸದ ನೆಪದಲ್ಲಿ ಕುಮಟಾ ಹತ್ತಿರದ ಮಿರ್ಜಾನ್ ಕೋಟೆ... ಎಲ್ಲಿ ಹೋದರೂ ಅವನದು ಒಂದೇ ಮಾತು. "ಮೇಡಂ, ಒಂಚೂರು ಸರೀರಿ."

"ನಿಮ್ಮ ಫೋಟೋದಾಗ ಮನುಷ್ಯರು ಇರಬಾರದೇನ್ರಿ?"

"ಮನುಷ್ಯರು ಬಂದು ನಿಂತ್ರ ಕಲ್ಲಿನ ಮಾತು ಕೇಳೂದಿಲ್ರಿ."

ಆದರೆ ಮಿರ್ಜಾನ್ ಕೋಟೆಯ ಗೋಡೆಯ ಮೇಲೆ ಪಾಚಿಗೆ ಅವಳ ಕಾಲು ಜಾರಿದಾಗ, ಅವನು ಕೈಯಲ್ಲಿದ್ದ ಲೆನ್ಸು ಬಿಟ್ಟು ಅವಳ ಕೈ ಹಿಡಿದ. ಲೆನ್ಸು ಉರುಳಿ ಕಂದಕಕ್ಕೆ ಬಿತ್ತು. ಅವನು ಅತ್ತ ತಿರುಗಿಯೂ ನೋಡಲಿಲ್ಲ. ಅವಳ ಮುಖವನ್ನೇ ನೋಡುತ್ತ, "ಪೆಟ್ಟಾತೇನ್ರಿ?" ಅಂದ.

ಅಲ್ಲಿಗೆ ಸುಧಾಳ ಕಥೆ ಮುಗಿಯಿತು. ಮನಸ್ಸು ಕೊಟ್ಟುಬಿಟ್ಟಳು.

ಅವನೂ ಕೊಟ್ಟಿದ್ದ. ಅದು ಅವಳಿಗೆ ಗೊತ್ತಿತ್ತು, ಆದರೆ ಬಾಯಿ ಬಿಟ್ಟು ಹೇಳಬೇಕಲ್ಲ? ಅಷ್ಟರಲ್ಲಿ ಚಿಕ್ಕೇರೂರಿನಿಂದ ಒಂದು ಸಂಬಂಧ ಬಂತು. ಹೆಣ್ಣು ನೋಡಲು ಬರುತ್ತೇವೆ ಅಂತ ಹೇಳಿ ಕಳಿಸಿದರು. ಸುಧಾ ಅಂಗೈಯಲ್ಲಿ ಜೀವ ಹಿಡಿದುಕೊಂಡು ಅವನನ್ನು ಹುಡುಕಿಕೊಂಡು ಹಾನಗಲ್ಲಿನ ಬಸ್ ಸ್ಟ್ಯಾಂಡಿಗೆ ಓಡಿದಳು. ಅವನು ಕುಮಟಾ ಬಸ್ಸಿಗೆ ಕಾಯುತ್ತಿದ್ದ.

"ನಮ್ಮಪ್ಪನ ಹತ್ರ ಬಂದು ಮಾತಾಡ್ರಿ. ಇವತ್ತ."

ಅವನು ತಲೆ ತಗ್ಗಿಸಿದ. "ಇವತ್ತ ಆಗೂದಿಲ್ರಿ. ಕಡಲಿಂದು ಒಂದ ಒಂದು ಫೋಟೋ ಬಾಕಿ ಐತಿ. ಅದೊಂದು ಆಗ್ಲಿ."

"ಫೋಟೋ?" ಅಂದಳು ಅವಳು. "ನನ್ನ ನೋಡಾಕ ಬರಾಕತ್ತಾರ ಅಂದ್ರ ನಿಮಗ ಫೋಟೋದ ಚಿಂತಿ?"

"ಸುಧಾ, ಯಾಕ ಅಂತ ಈಗ ಹೇಳಾಕ ಆಗೂದಿಲ್ಲ. ನಂಬು."

ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಬೇರೆ ದಿನವಾಗಿದ್ದರೆ ಕರಗಿಹೋಗುತ್ತಿದ್ದಳು. ಅವತ್ತು ಮಾತ್ರ ಮೈಯೆಲ್ಲ ಉರಿಯಿತು.

"ಹಂಗಾರ ಹೋಗ್ರಿ. ಆ ಸಮುದ್ರದಾಗ ಬಿದ್ದು ಸಾಯ್ರಿ!"

ಬಸ್ ಸ್ಟ್ಯಾಂಡಿನ ಮಂದಿಯೆಲ್ಲ ತಿರುಗಿ ನೋಡಿದರು. ಅವಳು ಹಿಂದೆ ನೋಡದೆ ನಡೆದಳು. ಅಲ್ಲೇ ಅವನ ನಂಬರು ಬ್ಲಾಕ್ ಮಾಡಿ, ಕಾಲೇಜಿಗೆ ರಜೆ ಹಾಕಿ, ಹಿರೇಕೆರೂರಿನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು.

ಹತ್ತು ದಿನ ಕಳೆದು ಚಿಕ್ಕೇರೂರಿನವರು ಬಂದರು, ಉಪ್ಪಿಟ್ಟು ತಿಂದರು, ಹುಡುಗಿ ಚಲೋ ಅದಾಳ ಅಂದರು. ಅಪ್ಪ ಶಂಭುಲಿಂಗಪ್ಪ ಮಾತ್ರ ಯಾಕೋ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. "ತಿಳಸ್ತೇವಿ" ಅಂತ ಸಾಗಹಾಕಿ ತಮ್ಮ ಬೀಜದ ಅಂಗಡಿಗೆ ಹೋದರು.

ಸುಧಾಳಿಗೆ ಆ ವರನ ಮುಖವೂ ನೆನಪಿರಲಿಲ್ಲ. ನೆನಪಿದ್ದದ್ದು ತನ್ನ ಬಾಯಿಂದ ಬಂದ ಆ ಒಂದು ಮಾತು.

'ಎಂಥಾ ಮಾತು ಆಡಿಬಿಟ್ಟೆ ನಾನು... ಯಾರಿಗಾದರೂ ಹಾಗೆ ಅನ್ನುತ್ತಾರಾ? ಅವನು ಸಿಗದಿದ್ದರೂ ಸರಿ, ಆ ಮಾತು ವಾಪಸ್ ತಗೊಳ್ಳಬೇಕು.'

ನಂಬರು ಅನ್‌ಬ್ಲಾಕ್ ಮಾಡಿ ಫೋನು ಹಚ್ಚಿದಳು. ಸ್ವಿಚ್ ಆಫ್. ಮತ್ತೆ ಹಚ್ಚಿದಳು. ಸ್ವಿಚ್ ಆಫ್. ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಹಾನಗಲ್ಲಿನ ಬಸ್ಸು ಹತ್ತಿದಳು.

ಬಸ್ಸು ಸ್ಟ್ಯಾಂಡಿನೊಳಗೆ ತಿರುಗುವಾಗ ಕಿಟಕಿಯಿಂದ ಸುಮ್ಮನೆ ಹೊರಗೆ ನೋಡಿದಳು.

ಕಬ್ಬಿನಹಾಲಿನ ಗಾಡಿಯ ಮೇಲೆ ಒಂದು ಹೊಸ ಫ್ಲೆಕ್ಸು. ಅದರಲ್ಲಿ ಅವನ ಮುಖ. ಅದೇ ನಗು, ಅದೇ ಕುರುಚಲು ಗಡ್ಡ. ಮುಖದ ಸುತ್ತ ಹೂವಿನ ಹಾರ, ಎರಡೂ ಬದಿಗೆ ದೀಪ.

ಮೇಲೆ ದಪ್ಪ ಅಕ್ಷರದಲ್ಲಿ 'ಭಾವಪೂರ್ಣ ಶ್ರದ್ಧಾಂಜಲಿ'.

ಕೆಳಗಿನ ಅರ್ಧವನ್ನು ಗಾಡಿಯ ಛತ್ರಿ ಮರೆಮಾಡಿತ್ತು. ಅದನ್ನು ಓದುವ ಶಕ್ತಿಯಾದರೂ ಅವಳಲ್ಲಿ ಎಲ್ಲಿತ್ತು? ಕಿವಿ ಗುಂಯ್ ಅಂದವು. ಕಂಡಕ್ಟರು "ಇಳೀರಿ ಅಕ್ಕಾರ, ಹಾನಗಲ್ಲ ಬಂತು" ಅಂದದ್ದು ಎಲ್ಲೋ ದೂರದಿಂದ ಕೇಳಿಸಿತು.

'ಸಮುದ್ರ... ನಾನೇ ಅಂದೆ... ಹಾಗೇ ಆಯಿತು...'

ಹೇಗೆ ಇಳಿದಳೋ, ಯಾವ ದಾರಿ ಹಿಡಿದಳೋ ಅವಳಿಗೇ ತಿಳಿಯದು. ಕಾಲು ತಾವಾಗಿಯೇ ಗುಡಿಯ ಹಿಂದಿನ ಓಣಿಗೆ ಹೋದವು. ಪರಮೇಶಪ್ಪನವರ ಮನೆ ಮುಂದೆ ಶಾಮಿಯಾನಾ, ಬಾಡಿಗೆ ಕುರ್ಚಿ, ಹೊಸ್ತಿಲ ಹೊರಗೆ ರಾಶಿ ಚಪ್ಪಲಿ. ಇನ್ನೇನು ಅನುಮಾನ ಉಳಿಯಿತು? ಮನೆ ಮಾಲೀಕರೇ ದೊಡ್ಡ ಮನಸ್ಸು ಮಾಡಿ ಬಾಡಿಗೆ ಹುಡುಗನ ಕಾರ್ಯ ಮಾಡುತ್ತಿದ್ದಾರೆ ಅಂದುಕೊಂಡಳು.

ಒಳಗೆ ಹೆಂಗಸರ ನಡುವೆ ಪರಮೇಶಪ್ಪನವರ ಹೆಂಡತಿ ವೀರವ್ವ ಗೋಡೆಗೆ ಒರಗಿ ಕೂತಿದ್ದಳು. ಅತ್ತು ಅತ್ತು ಕಣ್ಣು ಬಾತಿದ್ದವು. ಸುಧಾ ಹೋಗಿ ಅವಳ ಮಡಿಲಿಗೆ ಬಿದ್ದಳು.

"ಅವ್ವಾ... ನಾನ ಕೊಂದೆ ಅವರನ್ನ."

ಮಾತಾಡಿಸಲು ಬಂದಿದ್ದ ಹೆಂಗಸರೆಲ್ಲ ಹತ್ತಿರ ಸರಿದರು. ವೀರವ್ವ ಕಣ್ಣೊರೆಸಿಕೊಂಡು ನೋಡಿದಳು. "ಏನಂದಿ?"

"ಸಾಯ್ರಿ ಅಂತ ಬಾಯಿಬಿಟ್ಟ ಅಂದೆ ಅವ್ವಾ. ಬಸ್ ಸ್ಟ್ಯಾಂಡಿನ್ಯಾಗ, ಎಲ್ಲಾರ ಮುಂದ."

"ಯಾರಿಗೆ? ನಮ್ಮನಿಯವರಿಗೆ?"

"ಹೂಂ ಅವ್ವಾ. ಸಿಟ್ಟಿನ್ಯಾಗ ಅಂದೆ. ಮನಸ್ನ್ಯಾಗ ಇರಲಿಲ್ಲ. ಮನಸ್ನ್ಯಾಗ ಅವರ ನನ್ನ ಗಂಡ ಅಂತ ಇತ್ತು. ಮದುವಿ ಆದ್ರ ಅವರನ್ನ ಅಂತ ಮಾಡಿದ್ದೆ..."

ಒಬ್ಬ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ವೀರವ್ವನ ಅಳು ನಿಂತೇಹೋಯಿತು. ತಲೆ ನೆರೆತು, ಹಲ್ಲುದುರಿ, ಕೋಲು ಹಿಡಿದು ಓಡಾಡುತ್ತಿದ್ದ ತನ್ನ ಗಂಡನಿಗೂ, ಈ ಕಾಲೇಜಿನ ಹುಡುಗಿಗೂ... ಅವಳ ಬುದ್ಧಿ ಎತ್ತೆತ್ತಲೋ ಓಡಿತು.

"ಎದ್ದೇಳು. ಮುಖ ತೋರಸು. ಈ ವ್ಯವಹಾರ ಯಾವಾಗಿಂದ?"

"ಗುಡ್ಯಾಗ ಅಂಗಾತ ಮಲಗಿದ್ರಲ್ಲ ಅವ್ವಾ, ಅವತ್ತಿಂದ."

"ನನ್ನ ಗಂಡ? ಗುಡ್ಯಾಗ? ಅಂಗಾತ?"

"ಕ್ಯಾಮೆರಾ ಎದಿ ಮ್ಯಾಲೆ ಇಟ್ಕೊಂಡು..."

ವೀರವ್ವ ತನ್ನ ಸೆರಗಿನಿಂದ ಸುಧಾಳ ಕಣ್ಣೊರೆಸಿದಳು. ಆಮೇಲೆ ನಿಧಾನಕ್ಕೆ ಸುಧಾಳ ಗದ್ದ ಹಿಡಿದೆತ್ತಿದಳು. "ಯವ್ವಾ ತಂಗೀ, ನೀ ಯಾರಿಗೆ ಅಳಾಕತ್ತಿ?"

ಸುಧಾ ಉತ್ತರಿಸುವ ಮೊದಲೇ ಬಾಗಿಲಿಂದ ಒಂದು ದನಿ ಬಂತು.

"ಸತ್ತಿಲ್ರಿ."

ಅವಳಿಗೆ ಆ ದನಿ ಗೊತ್ತಿತ್ತು. ತಿರುಗಿ ನೋಡಲು ಭಯ, ನೋಡದಿರಲೂ ಭಯ.

ಮಹಾಂತೇಶ ನಿಂತಿದ್ದ. ಹೆಗಲ ಮೇಲೆ ಸುರುಳಿ ಸುತ್ತಿದ ಫ್ಲೆಕ್ಸು. ಬಿಸಿಲಿಗೆ ಸುಟ್ಟ ಮುಖ, ಅಂಗಿ ತುಂಬ ಧೂಳು. ಸುಧಾ ಎದ್ದು ಅವನ ಹತ್ತಿರ ಹೋಗಿ ಮೂಗಿನ ಕೆಳಗೆ ಬೆರಳು ಹಿಡಿದಳು. ಬಿಸಿ ಉಸಿರು ತಾಗಿತು. ಇಡೀ ಮನೆ ಅವಳನ್ನೇ ನೋಡುತ್ತಿತ್ತು, ಅವಳಿಗೆ ಅದರ ಖಬರೇ ಇರಲಿಲ್ಲ.

"ಫೋನು ಯಾಕ ಬಂದ್ ಇಟ್ಟಿದ್ರಿ?" ಅಂದಳು. ಕೇಳಬೇಕಾದದ್ದು ನೂರು ಇತ್ತು, ಬಾಯಿಗೆ ಬಂದದ್ದು ಇದು.

"ಸಮುದ್ರದ ಅಲೆ ಬಂದು ಫೋನು ತಗೊಂಡು ಹೋತ್ರಿ. ಕ್ಯಾಮೆರಾ ಉಳಸ್ಕೊಂಡೆ."

ಆಮೇಲೆ ಎಲ್ಲ ಬಿಡಿಸಿ ಹೇಳಿದ. ತೀರಿಕೊಂಡವರು ಪರಮೇಶಪ್ಪ. ಸುದ್ದಿ ತಿಳಿದು ಅವನು ಕಡಲಿನಿಂದ ಓಡಿ ಬಂದಿದ್ದ. ಅದೇ ಹೊತ್ತಿಗೆ ಅವನ ಕಡಲಿನ ಫೋಟೋಕ್ಕೆ ರಾಜ್ಯಮಟ್ಟದ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂದಿತ್ತು. ಸಂಜಯ ಪರಮೇಶಪ್ಪನವರ ಫೋಟೋ, ಇವನ ಫೋಟೋ, ಎರಡನ್ನೂ ಒಟ್ಟಿಗೆ ಫ್ಲೆಕ್ಸ್ ಅಂಗಡಿಗೆ ಕಳಿಸಿದ. ಅವರು ಇದರದು ಅದಕ್ಕೆ, ಅದರದು ಇದಕ್ಕೆ ಹಾಕಿ ಬೆಳಕು ಹರಿಯುವ ಮೊದಲೇ ಕಟ್ಟಿಬಿಟ್ಟಿದ್ದರು. ಬಸ್ ಸ್ಟ್ಯಾಂಡಿನದನ್ನು ಅವನು ಈಗಷ್ಟೇ ಬಿಚ್ಚಿ ತಂದಿದ್ದ.

"ಹಂಗಾರ ನಮ್ಮ ಮುದುಕನ ಫೋಟೋ ಎಲ್ಲೈತಿ?" ಅಂದಳು ವೀರವ್ವ.

ಮಹಾಂತೇಶ ತಲೆ ಕೆರೆದುಕೊಂಡ. "ಸರ್ಕಲ್ಲಿನ್ಯಾಗ, ಅವ್ವಾ, ಹಿಂದ ದೊಡ್ಡ ಸಮುದ್ರ. 'ಕಡಲ ಛಾಯಾಚಿತ್ರಕ್ಕೆ ಪ್ರಶಸ್ತಿ ಪಡೆದ ನಮ್ಮ ಹೆಮ್ಮೆಯ ಯುವಕ' ಅಂತ ಬರದೈತಿ. ಈಗ ಹೋಗಿ ಅದನ್ನೂ ಬಿಚ್ಚಿಸ್ತೇನಿ."

ವೀರವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಭುಜ ಅಲುಗಿದವು. ಅಳುತ್ತಿದ್ದಾಳೆ ಅಂತ ಪಕ್ಕದವಳು ಹಿಡಿದುಕೊಂಡಳು. ಅವಳು ನಗುತ್ತಿದ್ದಳು. ಗಂಡ ಹೋದಮೇಲೆ ಮೊದಲ ಸಲ ನಗುತ್ತಿದ್ದಳು.

"ಬ್ಯಾಡೋ ತಮ್ಮಾ. ಸಂಜಿತನಕಾ ಇರಲಿ. ಸಮುದ್ರ ತೋರಸ್ತೇನಿ ಅಂತ ಮದುವಿ ಆದಾಗಿಂದ ಅಂತಿದ್ದ, ತಾನೂ ನೋಡಲಿಲ್ಲ, ನನಗೂ ತೋರಸಲಿಲ್ಲ. ಇವತ್ತು ಸಮುದ್ರದ ಮುಂದ ನಿಂತಾನ, ನಿಲ್ಲಲಿ."

ಆಗ ಹೊಸ್ತಿಲಲ್ಲಿ ಯಾರೋ ಕುಸಿದು ಕೂತ ಸದ್ದಾಯಿತು.

ಶಂಭುಲಿಂಗಪ್ಪ! ಸುಧಾಳ ಅಪ್ಪ. ತಲೆಯ ಮೇಲೆ ಟೋಪಿ ಇರಲಿಲ್ಲ. ಹಳೇ ಗಿರಾಕಿ ಪರಮೇಶಪ್ಪನವರ ಮನೆಯವರನ್ನು ಮಾತಾಡಿಸಲು ಬಂದವರು. ಮಗಳನ್ನು ಇಲ್ಲಿ ಕಂಡು ಆಶ್ಚರ್ಯಪಡುವ ಸ್ಥಿತಿಯಲ್ಲೂ ಇರಲಿಲ್ಲ.

"ಸುಧಾ... ಫ್ಲೆಕ್ಸು ನೋಡಿದೆ. ಹೋಟೆಲ್ಲಿನ ಒಳಗ ಹೋಗಿ ಕುಂತು, ನೀರು ಕುಡದು ಬಂದೆ. ಆ ಹುಡುಗನ್ನ ನಾನ ಕಳಿಸಿದ್ದು, ಮಗಳ. ನಿನ್ನ ಕೇಳಾಕ ನಮ್ಮ ಅಂಗಡಿಗೆ ಬಂದಿದ್ದ."

"ಬಂದಿದ್ರಾ? ಯಾವಾಗ?"

"ಚಿಕ್ಕೇರೂರಿನವರು ಬರೂಕಿಂತ ಮೊದಲ. ಕ್ಯಾಮೆರಾ ಹಿಡಕೊಂಡು ತಿರುಗೋ ನಿನಗ ಮಗಳನ್ನ ಹೆಂಗ ಕೊಡೂದು ಅಂದೆ. ಹಾನಗಲ್ಲ ಸ್ಟ್ಯಾಂಡಿನ್ಯಾಗ ನಿನ್ನ ಫ್ಲೆಕ್ಸು ನೋಡಿದ ದಿನ ಕೊಡ್ತೇನಿ, ಅಲ್ಲಿತನಕಾ ಆಕಿಗೆ ಹೇಳಬ್ಯಾಡ ಅಂದೆ. ಚಾಷ್ಟಿಗೆ, ಸುಮ್ನ ತಮಾಷಿಗೆ ಅಂದಿದ್ದೆ. ಅಂವಾ ಖರೆ ಅಂತ ತಿಳಕೊಂಡು, ಸ್ಪರ್ಧಾದಾಗ ಗೆದ್ದು ಫ್ಲೆಕ್ಸು ಹಾಕಸ್ತೇನಿ ಅಂತ ಕಡಲಿಗೆ ಹೋದ. ಅದಕ್ಕ ಚಿಕ್ಕೇರೂರಿನವರಿಗೆ ಇನ್ನೂ ಹೂಂ ಅಂದಿಲ್ಲ ನಾನು. ಇವತ್ತು ಫ್ಲೆಕ್ಸು ನೋಡಿದೆ... ಹಿಂಗ ನೋಡಬೇಕಾತಲ್ಲ ಶಿವನ..."

ಊರ ಮುಂದೆ ಎಂದೂ ಅತ್ತವರಲ್ಲ, ಇವತ್ತು ಟವೆಲಿನಲ್ಲಿ ಮುಖ ಮುಚ್ಚಿಕೊಂಡರು.

ಮಹಾಂತೇಶ ಬಾಗಿಲ ಮರೆಯಿಂದ ಬಂದು ಅವರ ಮುಂದೆ ಮೊಣಕಾಲೂರಿದ. "ಸತ್ತಿಲ್ರಿ ಯಜಮಾನ್ರ. ಫೋಟೋ ಅದಲಬದಲಿ ಆಗ್ಯಾವ."

ಶಂಭುಲಿಂಗಪ್ಪ ಟವೆಲು ಸರಿಸಿದರು. ಅವನನ್ನು ನೋಡಿದರು. ಕೈ ಚಾಚಿ ಅವನ ಕೆನ್ನೆ ಮುಟ್ಟಿದರು. ಬಹಳ ಹೊತ್ತು ಮುಟ್ಟಿಕೊಂಡೇ ಕೂತರು.

"ಬಹುಮಾನದ್ದು ಸರಿಯಾಗಿ ಬರಸಿ ಹಾಕ್ಸು," ಅಂದರು ಕೊನೆಗೆ. "ಚಿಕ್ಕೇರೂರಿಗೆ ನಾ ಇಲ್ಲಿಂದ ಫೋನ್ ಮಾಡ್ತೇನಿ."

ಸುಧಾ ಗೋಡೆ ಹಿಡಿದು ನಿಂತಿದ್ದಳು. ಒಂದೇ ಬೆಳಗಿನಲ್ಲಿ ಅವನು ಸತ್ತ, ಬದುಕಿದ, ತನ್ನವನಾದ. ಇಷ್ಟನ್ನು ಒಂದು ಜೀವ ಹೇಗೆ ತಡೆದುಕೊಳ್ಳಬೇಕು? ಸದ್ದಿಲ್ಲದೆ ಹೊರಗೆ ನಡೆದಳು. ಓಣಿ ದಾಟಿ ಗುಡಿಯೊಳಗೆ ಹೋಗಿ, ಆ ಕಲ್ಲಿನ ಕಮಲದ ಕೆಳಗೆ ಕೂತು, ಮನಸಾರೆ ಅತ್ತಳು.

ಹಿಂದೆಯೇ ಹೆಜ್ಜೆ ಸದ್ದು ಬಂತು. ಅವನು ಸ್ವಲ್ಪ ದೂರದಲ್ಲೇ ನಿಂತ.

"ಒಂದು ಮಾತು ವಾಪಸ್ ತಗೊಳ್ಳಾಕ ಬಂದಿದ್ದೆ," ಅಂದಳು ಅವನತ್ತ ನೋಡದೆ.

"ಯಾವುದು?"

"ಸಮುದ್ರದ್ದು."

"ಅವತ್ತ ಮರತ ಬಿಟ್ಟೇನಿ ಅದನ್ನ. ನಿಮ್ಮಪ್ಪಗ ಕೊಟ್ಟ ಮಾತು ಮುರೀಬಾರದಂತ ಬಾಯಿ ಮುಚ್ಕೊಂಡೆ. ನಿನ್ನ ಅಳಿಸಿದೆ. ತಪ್ಪು ನಂದು."

"ನಿಮ್ಮ ಬಹುಮಾನದ ಫೋಟೋದಾಗ ಏನೈತಿ? ಮತ್ತ ಬರೇ ಕಲ್ಲು, ಬರೇ ನೀರು?"

ಅವನು ಕ್ಯಾಮೆರಾ ತೆರೆದು ತೋರಿಸಿದ. ಮಿರ್ಜಾನ್ ಕೋಟೆಯ ಗೋಡೆ. ಅದರಾಚೆ ಕಡಲ ಕಡೆಗೆ ಹರಿಯುವ ನೀರು, ಸಂಜೆಯ ಬೆಳಕು. ಗೋಡೆಯ ತುದಿಯಲ್ಲಿ ಬೆನ್ನು ತಿರುಗಿಸಿ ನಿಂತ ಒಬ್ಬ ಹುಡುಗಿ, ಗಾಳಿಗೆ ಹಾರುತ್ತಿರುವ ಅವಳ ಓಢಣಿ. ಕಾಲು ಜಾರುವುದಕ್ಕೆ ಸ್ವಲ್ಪ ಮುಂಚಿನ ಸುಧಾ.

"ಮನುಷ್ಯರು ಬಂದ್ರ ಕಲ್ಲಿನ ಮಾತು ಕೇಳೂದಿಲ್ಲ ಅಂತಿದ್ರಿ."

"ಈ ಸಲ ಹೊಸಾದು ತೆಗೀಬೇಕಂತ ಅಲ್ಲೇ ಹೋಗಿದ್ದೆ. ನೀ ಇಲ್ಲದ ಯಾವುದೂ ಸರಿ ಬರಲಿಲ್ಲ. ಕಡೀಕ ಇದನ್ನ ಕಳಿಸಿದೆ."

ಹೊರಗಿನ ಬಿಸಿಲು ಕಂಬಗಳ ನಡುವಿಂದ ಅವಳ ಪಾದದ ಹತ್ತಿರ ಬಿದ್ದಿತ್ತು. ಅವನು ಕ್ಯಾಮೆರಾ ಎತ್ತಿದ. ಅವಳು ಕಣ್ಣೊರೆಸಿಕೊಂಡು, ಅಭ್ಯಾಸಬಲದಿಂದ, ಎದ್ದು ಪಕ್ಕಕ್ಕೆ ಹೆಜ್ಜೆ ಇಟ್ಟಳು.

"ಸರೀಬ್ಯಾಡ," ಅಂದ ಅವನು. "ಅಲ್ಲೇ ನಿಂದ್ರು."

"ಎಷ್ಟು ಹೊತ್ತು?"

"ನಾ ಖರೇನ ಸಾಯೂತನಕಾ."

ಅವಳು ಓಡಿ ಬಂದು ಅವನ ಬಾಯಿ ಮುಚ್ಚಿದಳು. "ಆ ಮಾತು ಇನ್ನ ನಮ್ಮಿಬ್ಬರ ಬಾಯಾಗೂ ಬರಬಾರದು."

"ಇಲ್ಲ," ಅಂದ ಅವನು, ಅವಳ ಅಂಗೈಯೊಳಗೆ.