ನಾಲ್ಕಡಿ ಅಗಲದ ಮಂಚ

ಚಿಲಕ ಎಳೆದದ್ದೇ ತಡ, ಮಂಚ ಚಂಗನೆ ಮೇಲೆದ್ದು ಡ್ರೈವರನ ಹಣೆಗೆ ಬಾರಿಸಿತು. ಅಂಥಿಂಥ ಪೆಟ್ಟಲ್ಲ. ಹನ್ನೆರಡು ವರ್ಷ ಬಸ್ಸು ಓಡಿಸಿ ಮೈಮೇಲೊಂದು ಗೀರೂ ಮಾಡಿಕೊಳ್ಳದ ಮನುಷ್ಯ, ನಿಂತ ವ್ಯಾನಿನೊಳಗೆ ಅಂಗಾತ ಬಿದ್ದ.

"ಅಯ್ಯಯ್ಯೋ!" ಎನ್ನುತ್ತ, ಮಂಚ ಮಾಡಿದ ಬಡಗಿ ಹುಡುಗಿ ಒಳಗೆ ನುಗ್ಗಿದಳು. ಅವನ ಹುಬ್ಬಿನ ಮೇಲಿಂದ ರಕ್ತ ಇಳಿಯುತ್ತಿತ್ತು. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಮರದ ಹೊಟ್ಟು ಕೊಡವಿ, ಗಾಯಕ್ಕೆ ಒತ್ತಿ ಹಿಡಿದಳು.

"ಮೇಸ್ತ್ರಿ ಅವರೇ, ಮಲಗೋಕೆ ಮಂಚ ಮಾಡಿಕೊಡಿ ಅಂದಿದ್ದೆ. ಹೀಗೆ ಪೂರ್ತಿ ಮಲಗಿಸಿಬಿಡಿ ಅಂದಿರಲಿಲ್ಲ."

"ಬಾಯಿ ಮುಚ್ಚಿ. ಅಲ್ಲಾಡಬೇಡಿ."

ಅವನು ಬಾಯಿ ಮುಚ್ಚಿದ. ಕಣ್ಣು ಮಾತ್ರ ಮುಚ್ಚಲಿಲ್ಲ. ಗೇಣು ದೂರದಿಂದ ಅವನು ನೋಡುತ್ತಿದ್ದ ರೀತಿಗೆ ಅವಳ ಕಿವಿ ಬಿಸಿಯಾಯಿತು. ಎದುರು ಬಿದ್ದವನ ಹಣೆ ಒಡೆದಿದೆ, ಇವಳಿಗೆ ನಾಚಿಕೆ! ಪ್ರೀತಿಗೆ ಹೊತ್ತುಗೊತ್ತು ಅನ್ನುವುದೇ ಇಲ್ಲ ನೋಡಿ.

ಎರಡು ತಿಂಗಳ ಹಿಂದೆ ಅವನು ಹಳೆಯ ಸರಕಿನ ವ್ಯಾನೊಂದನ್ನು ಅವಳ ಮರಗೆಲಸದ ಶೆಡ್ಡಿಗೆ ತಂದು ನಿಲ್ಲಿಸಿದ್ದ. ಅದರಲ್ಲೇ ಮನೆ ಮಾಡಿಕೊಂಡು ಊರೂರು ಸುತ್ತುವ ಆಸೆ ಅವನದು. "ಇಷ್ಟು ವರ್ಷ ಬಸ್ಸಿನ ಸೀಟಲ್ಲಿ ನಾನು ಮಡಚಿಕೊಂಡು ಮಲಗಿದ್ದೀನಿ. ಇನ್ಮೇಲೆ ಮಂಚ ಮಡಚಿಕೊಳ್ಳಲಿ" ಎಂದಿದ್ದ. ಒಬ್ಬರ ಮಂಚ, ಎರಡೂವರೆ ಅಡಿ ಅಗಲ. ಬೇಡದಾಗ ಎದ್ದು ಗೋಡೆಗೆ ಆತು ನಿಲ್ಲಬೇಕು. ಅಳತೆಗೆಂದು ಅವಳು ಅವನನ್ನು ಮೂರು ಸಲ ನೆಲದ ಮೇಲೆ ಮಲಗಿಸಿದ್ದಳು. ಒಂದು ಸಲ ಸಾಕಿತ್ತು ಬಿಡಿ.

"ಏನೇ ಅದು ಸದ್ದು?"

ಅಣ್ಣ. ಅವಳು ತಟ್ಟನೆ ಹಿಂದೆ ಸರಿದಳು.

ಶೆಡ್ಡಿನ ಬೋರ್ಡಿನ ಮೇಲೆ ಹೆಸರು ಅಣ್ಣನದು, ಒಳಗಿನ ಕೆಲಸವೆಲ್ಲ ಅವಳದು. ಅಪ್ಪನ ಕಸುಬು ಮಗಳ ಬೆರಳಿಗೆ ಇಳಿದಿತ್ತು. ಮಗನಿಗೆ ಬಂದದ್ದು ಅಪ್ಪನ ಸಿಟ್ಟು ಮಾತ್ರ. ಇವಳು ಹೊರಟುಹೋದರೆ ಶೆಡ್ಡಿಗೆ ಬೀಗವೇ ಗತಿ. ಅದು ಅವನಿಗೂ ಗೊತ್ತು. ಆರು ವರ್ಷದ ಹಿಂದೆ ಒಬ್ಬನನ್ನು ಮದುವೆಯಾಗುತ್ತೇನೆ ಎಂದಾಗ, ಅಣ್ಣ ಆ ಹುಡುಗನ ಹಲ್ಲು ಉದುರಿಸಿ ಬಂದು, ಇವಳ ಎಡಗೈ ಕಿರುಬೆರಳನ್ನು ಬಾಗಿಲ ಸಂದಿಗಿಟ್ಟು ಬಾಗಿಲು ಹಾಕಿದ್ದ. "ಬಲಗೈ ಬಿಟ್ಟಿದ್ದೀನಿ, ಕೆಲಸಕ್ಕೆ ಬೇಕು" ಎಂದಿದ್ದ. ಹೇಳಿದ ಮೇಲೆ ಕೈ ತೊಳೆದು ಊಟಕ್ಕೆ ಕೂತಿದ್ದ.

ಅಣ್ಣ ವ್ಯಾನು ಹತ್ತಿ ಡ್ರೈವರನ ಹಣೆ ನೋಡಿ ನಕ್ಕ. ಆಮೇಲೆ ಮಂಚ ನೋಡಿದ. ನಗು ನಿಂತಿತು.

"ಒಬ್ಬರ ಮಂಚ ಇಷ್ಟು ಜೋರಾಗಿ ಯಾಕೆ ಒದೆಯುತ್ತೆ?"

ಬಗ್ಗಿ, ಹಲಗೆಯನ್ನು ಎತ್ತುವ ಗ್ಯಾಸ್ ಪಂಪನ್ನು ಪರೀಕ್ಷಿಸಿದ. ಹಾಸಿಗೆಯ ಭಾರ ನೋಡಿ ಪಂಪು ಆರಿಸಬೇಕು. ಹಳೆಯದು ಸರಿಯಿಲ್ಲ ಎಂದು ಡ್ರೈವರ ದೂರಿದ್ದಕ್ಕೆ ಅವಳು ಬೆಳಗ್ಗೆಯಷ್ಟೇ ಬದಲಿಸಿದ್ದ ಇದು, ಇಬ್ಬರು ಮಲಗುವ ಹಾಸಿಗೆಯದು. ಡ್ರೈವರ ತಂದಿದ್ದ ತೆಳು ಹಾಸಿಗೆ ಅದಕ್ಕೆ ಯಾವ ಲೆಕ್ಕ? ಹತ್ತು ವರ್ಷದಲ್ಲಿ ಒಮ್ಮೆಯೂ ಅಳತೆ ತಪ್ಪದವಳು, ಎದುರಿದ್ದ ಹಾಸಿಗೆ ಬಿಟ್ಟು ಮನಸ್ಸಿನಲ್ಲಿದ್ದ ಹಾಸಿಗೆಯನ್ನು ತೂಗಿಬಿಟ್ಟಿದ್ದಳು.

ಅಣ್ಣ ಮಂಚದ ಅಡಿಗೆ ಕೈ ಹಾಕಿ ತಡಕಿದ. ಕೀಲು ಸಿಕ್ಕಿತು. ಎಳೆದ. ಒಳಗೆ ಅಡಗಿಸಿಟ್ಟಿದ್ದ ಇನ್ನೊಂದು ಹಲಗೆ, ಸದ್ದೇ ಇಲ್ಲದೆ, ಬೆಣ್ಣೆಯ ಹಾಗೆ ಜಾರಿ ಬಂತು. ಅವನು ಟೇಪು ಹಿಡಿದ.

"ನಾಲ್ಕಡಿ. ಆರ್ಡರು ಎರಡೂವರೆ. ಉಳಿದ ಒಂದೂವರೆ ಅಡಿ ಯಾರಿಗೇ?"

ಡ್ರೈವರ ಮೆಲ್ಲಗೆ ಅವಳ ಕಡೆ ತಿರುಗಿದ. ಪಾಪ, ಅವನಿಗೂ ಗೊತ್ತಿರಲಿಲ್ಲ. ಕೇಳಿದವನು ಅಣ್ಣ, ಉತ್ತರಕ್ಕೆ ಉಸಿರು ಬಿಗಿಹಿಡಿದು ಕಾದವನು ಇವನು.

ಸುಳ್ಳು ಹೇಳಬಹುದಿತ್ತು. ಸಾಮಾನು ಇಡೋಕೆ ಅನ್ನಬಹುದಿತ್ತು. ಕಿರುಬೆರಳು ಸೆಳೆಯಿತು.

"ನನಗೆ" ಎಂದಳು.

ಅಣ್ಣ ಅವಳನ್ನು ಮುಟ್ಟಲಿಲ್ಲ. ಡ್ರೈವರನ ಕೊರಳಪಟ್ಟಿ ಹಿಡಿದು ವ್ಯಾನಿನಿಂದ ಹೊರಗೆ ದರದರ ಎಳೆದು, ಅವನ ತಲೆಯನ್ನು ಶೆಡ್ಡಿನ ಕಂಬಕ್ಕೆ ಅಪ್ಪಳಿಸಿದ. ಮುಖಕ್ಕೆ ಗುದ್ದಿದ, ತುಟಿ ಸೀಳಿತು. ಬಿದ್ದವನ ಪಕ್ಕೆಗೆ ಒದ್ದ. "ನನ್ನ ಶೆಡ್ಡಿಗೇ ಬಂದು ನನ್ನ ತಂಗೀನ..." ಎನ್ನುತ್ತ ಗೋಡೆಗೆ ಒರಗಿಸಿದ್ದ ಮರದ ಪಟ್ಟಿ ಎತ್ತಿಕೊಂಡ. ಡ್ರೈವರ ಎಡಗೈ ಅಡ್ಡ ಹಿಡಿದ. ಮೂಳೆ ಲಟ್ಟೆಂದಿತು.

ಪಟ್ಟಿ ಮತ್ತೆ ಮೇಲೆದ್ದಿತು. ಈ ಸಲ ಗುರಿ ತಲೆ.

ಆರು ವರ್ಷದ ಹಿಂದೆ ಅವಳು ನಿಂತು ನೋಡಿದ್ದಳು. ಈಗ ಸುತ್ತಿಗೆ ಎತ್ತಿ, ಬೀಸಿ, ಅಣ್ಣನ ಮೊಣಕಾಲಿಗೆ ಹೊಡೆದಳು. ಅವನು ಕುಸಿದು ಕೂಗಿಕೊಂಡ. ಆ ಕೂಗಿಗೆ ಅವಳ ಒಳಗೆ ಹಿಗ್ಗಾಯಿತು. ಮರುಕ್ಷಣ ಅವನನ್ನು ಎತ್ತಿ ಕೂರಿಸಬೇಕು ಅನ್ನಿಸಿತು. ಎರಡೂ ನಿಜ.

"ಮುಟ್ಟಿದ್ರೆ ಇನ್ನೊಂದು ಕಾಲಿಗೂ ಹೊಡೀತೀನಿ ಕಣೋ ಅಣ್ಣಾ."

"ಯಾರ ಮೇಲೆ ಕೈ ಎತ್ತಿದೀಯ ಗೊತ್ತೇನೇ? ಈ ಗೇಟು ದಾಟಿದ್ರೆ ನೀನು ನನ್ನ ಪಾಲಿಗೆ ಸತ್ತೆ!"

"ಆಗ್ಲಿ. ಬದುಕಿದ್ದಾಗ ಏನು ಮಹಾ ನೋಡ್ಕೊಂಡೆ?"

ಡ್ರೈವರನನ್ನು ಎತ್ತಿ ವ್ಯಾನಿಗೆ ಹತ್ತಿಸಿದಳು. ಒಂದೇ ಕೈಯವನು ಓಡಿಸುವಂತಿರಲಿಲ್ಲ. ಸ್ಟಿಯರಿಂಗ್ ಮುಂದೆ ತಾನೇ ಕೂತಳು. ಅಂಗಳದಲ್ಲಿ ಗಾಡಿ ಹಿಂದೆ ಮುಂದೆ ಮಾಡಿದ್ದಷ್ಟೇ ಅವಳ ಅನುಭವ. ಹಿಂದಿನಿಂದ ದಡ್, ದಡ್ ಎಂದಿತು. ಅಣ್ಣ ಕುಂಟುತ್ತ ಬಂದು ಆ ಪಟ್ಟಿಯಿಂದಲೇ ವ್ಯಾನಿನ ಬೆನ್ನು ಜಜ್ಜುತ್ತಿದ್ದ.

"ಕ್ಲಚ್ಚು ಒತ್ತಿ, ಗೇರು ನಾನು ಹಾಕ್ತೀನಿ" ಎಂದು ಡ್ರೈವರ ಸರಿಯಿದ್ದ ಬಲಗೈ ಚಾಚಿದ.

"ರೋಡಲ್ಲಿ ಒಂದ್ಸಲಾನೂ ಓಡ್ಸಿಲ್ಲ ರೀ."

"ಬಸ್ಸು ಓಡಿಸಿದೋನು ಪಕ್ಕದಲ್ಲೇ ಇದ್ದೀನಿ. ಓಡ್ಸಿ."

ಹಿಂದಿನ ಗಾಜು ಒಡೆದು ಚೂರು ಮಂಚದ ಮೇಲೆ ಉದುರಿತು. ವ್ಯಾನು ಎರಡು ಸಲ ಎಗರಿ, ಗೇಟಿನ ಕಂಬಕ್ಕೆ ಮೈ ಉಜ್ಜಿ, ರಸ್ತೆಗೆ ಬಿತ್ತು.

ಮೂರನೇ ತಿರುವಿನಲ್ಲಿ ಅವಳು ಗಕ್ಕನೆ ನಿಲ್ಲಿಸಿದಳು. ಸದ್ದು ಮಾಡಿ ಅತ್ತಳು.

"ನಿಮ್ಮನ್ನ ಒಂದು ಮಾತು ಕೇಳದೆ ಮಾಡಿಬಿಟ್ಟೆ" ಎಂದಳು ಕೊನೆಗೆ. "ಕೇಳಿದ್ರೆ ಬೇಡ ಅಂತೀರೇನೋ ಅಂತ ಭಯ. ನೀವು ವ್ಯಾನು ತಗೊಂಡು ಹೋದ್ಮೇಲೆ ನಾನು ಆ ಶೆಡ್ಡಲ್ಲಿ ಹೇಗಿರ್ಲಿ ಅಂತ ಯೋಚಿಸ್ತಾ ಯೋಚಿಸ್ತಾ ಹಲಗೆ ಕೊಯ್ದೆ. ನನ್ನ ದೆಸೆಯಿಂದ ನಿಮ್ಮ ಕೈ ಮುರೀತು."

"ಮೇಸ್ತ್ರಿ ಅವರೇ, ಮಂಚ ಮೂರು ವಾರದ ಹಿಂದೇನೇ ಮುಗಿದಿತ್ತಲ್ವಾ?"

"ಹೂಂ."

"ಆಮೇಲೆ ದಿನಾ ಬಂದು ಅದು ಸರಿಯಿಲ್ಲ, ಇದು ಸರಿಯಿಲ್ಲ ಅಂತಿದ್ನಲ್ಲ. ಒಂದು ತಪ್ಪೂ ಇರ್ಲಿಲ್ಲ. ನಿಮ್ಮನ್ನ ಬಿಟ್ಟು ಹೊರಡೋಕೆ ನನ್ನ ಕೈಲಿ ಆಗ್ಲಿಲ್ಲ."

ಅವಳು ಕಣ್ಣೊರೆಸಿಕೊಂಡು ಅವನನ್ನು ನೋಡಿದಳು. ಒಡೆದ ಹಣೆ, ಸೀಳಿದ ತುಟಿ, ಮಡಿಲಲ್ಲಿ ಊದಿಕೊಂಡ ಕೈ. ತಡೆಯಲಾಗಲಿಲ್ಲ. ಬಾಗಿ ಆ ತುಟಿಗೇ ಮುತ್ತಿಟ್ಟಳು.

"ಅಮ್ಮಾ!" ಎಂದು ಚೀರಿದ.

"ಅಯ್ಯೋ, ಸಾರಿ, ಸಾರಿ!"

"ಸಾರಿ ಯಾಕೆ?" ಎಂದ ಅವನು, ನೋವಿಗೆ ಕಣ್ಣಲ್ಲಿ ನೀರು ತುಂಬಿಕೊಂಡು. "ಇನ್ನೊಂದ್ಸಲ. ಸ್ವಲ್ಪ ಮೆಲ್ಲಗೆ."